ನಿರ್ವಾಣ (ಬ್ರಿಟಿಷ್ ತಂಡ): ಆಲ್ಬಮ್‌ಗಳು ಮತ್ತು ಅವುಗಳ ಸಂಗ್ರಹ

ನಿರ್ವಾಣ ಎಂಬುದು 1960ರ ದಶಕದ ಉತ್ತರಾರ್ಧದಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ಬ್ರಿಟಿಷ್ ಪಾಪ್ ಸಂಗೀತ ತಂಡ. ಐರ್ಲೆಂಡಿನ ಗಾಯಕ ಹಾಗೂ ಗೀತರಚನಕಾರ ಪ್ಯಾಟ್ರಿಕ್ ಕ್ಯಾಂಬೆಲ್-ಲಯನ್ಸ್ ಮತ್ತು ಗ್ರೀಸ್ ಮೂಲದ ಸಂಗೀತ ಸಂಯೋಜಕ ಅಲೆಕ್ಸ್ ಸ್ಪಿರೊಪುಲೊಸ್ ಇದರ ಸ್ಥಾಪಕರು. 1967ರಿಂದ 1972ರ ನಡುವೆ ಈ ಹೆಸರಿನಲ್ಲಿ ಐದು ಆಲ್ಬಮ್‌ಗಳು ಪ್ರಕಟವಾದವು. ಮೊದಲ ಮೂರು ಆಲ್ಬಮ್‌ಗಳು ಇಬ್ಬರ ಜಂಟಿ ಕೃತಿಗಳಾದರೆ, ಕೊನೆಯ ಎರಡನ್ನು ಕ್ಯಾಂಬೆಲ್-ಲಯನ್ಸ್ ಒಬ್ಬರೇ ಇತರ ವಾದಕರ ನೆರವಿನಿಂದ ರೂಪಿಸಿದರು. ಇದೇ ಹೆಸರಿನಿಂದ 1990ರ ದಶಕದಲ್ಲಿ ಜಗತ್ಪ್ರಸಿದ್ಧವಾದ ಅಮೆರಿಕದ ರಾಕ್ ತಂಡಕ್ಕೂ ಈ ತಂಡಕ್ಕೂ ಸಂಬಂಧವಿಲ್ಲ.

ತಂಡದ ಹಾಡುಗಳಲ್ಲಿ ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯನ್ನು ಪ್ರವೇಶಿಸಿದ್ದು 1968ರ 'ರೇನ್‌ಬೋ ಚೇಸರ್' ಒಂದೇ. ಅದು ತಲುಪಿದ ಅತ್ಯುನ್ನತ ಸ್ಥಾನ 34. ಆಲ್ಬಮ್‌ಗಳು ಹೆಚ್ಚು ಮಾರಾಟವಾಗಲಿಲ್ಲ. ಆದರೆ ಅವುಗಳ ಮೊದಲ ಮುದ್ರಣದ ಪ್ರತಿಗಳು ಇಂದು ಹಳೆಯ ಗ್ರಾಮಫೋನ್ ತಟ್ಟೆಗಳ ಸಂಗ್ರಾಹಕರು ಹುಡುಕುವ ವಸ್ತುಗಳಲ್ಲಿ ಸೇರಿವೆ. ತಂಡವು ವೇದಿಕೆಯ ಮೇಲೆ ಕಾಣಿಸಿಕೊಂಡದ್ದು ಕಡಿಮೆಯಾದುದರಿಂದ ಅದರ ಸಾಧನೆಯ ಮುಖ್ಯ ದಾಖಲೆಯಾಗಿ ಉಳಿದಿರುವುದು ಈ ತಟ್ಟೆಗಳೇ.

ಹೆಸರು

'ನಿರ್ವಾಣ' ಎಂಬುದು ಬೌದ್ಧ ಮತ್ತು ಜೈನ ಪರಂಪರೆಗಳಲ್ಲಿ ಬಂಧನದಿಂದ ಬಿಡುಗಡೆಯನ್ನು ಸೂಚಿಸುವ ಸಂಸ್ಕೃತ ಪದ. 1960ರ ದಶಕದ ಮಧ್ಯಭಾಗದಲ್ಲಿ ಲಂಡನ್ನಿನ ಯುವ ಸಂಗೀತಗಾರರಲ್ಲಿ ಭಾರತೀಯ ತತ್ತ್ವಚಿಂತನೆ, ಸಿತಾರ್ ಹಾಗೂ ಧ್ಯಾನದ ಬಗ್ಗೆ ಕುತೂಹಲ ಬೆಳೆದಿತ್ತು. ಬೀಟಲ್ಸ್ ತಂಡದವರು ಮಹರ್ಷಿ ಮಹೇಶ ಯೋಗಿಯವರನ್ನು ಭೇಟಿಯಾದದ್ದು 1967ರ ಆಗಸ್ಟ್ ತಿಂಗಳಿನಲ್ಲಿ. ತಂಡದ ಹೆಸರು ಆ ಕಾಲದ ಅಭಿರುಚಿಗೆ ಹೊಂದಿಕೊಂಡಿದ್ದರೂ, ಅದರ ಸಂಗೀತದಲ್ಲಿ ಭಾರತೀಯ ರಾಗ ಅಥವಾ ವಾದ್ಯಗಳಿಗಿಂತ ಯುರೋಪಿನ ಶಾಸ್ತ್ರೀಯ ಸಂಗೀತದ ಪ್ರಭಾವವೇ ಮುಖ್ಯವಾಗಿ ಕಾಣಿಸುತ್ತದೆ.

ಹಿನ್ನೆಲೆ

ಕ್ಯಾಂಬೆಲ್-ಲಯನ್ಸ್ ಐರ್ಲೆಂಡಿನ ವಾಟರ್‌ಫರ್ಡ್ ಕೌಂಟಿಯ ಲಿಸ್ಮೋರ್ ಪಟ್ಟಣದವರು. ಲಂಡನ್ನಿಗೆ ಬಂದ ಮೇಲೆ ಪಶ್ಚಿಮ ಲಂಡನ್ನಿನ ಈಲಿಂಗ್ ಪ್ರದೇಶದಲ್ಲಿ ರಿದಮ್ ಅಂಡ್ ಬ್ಲೂಸ್ ಶೈಲಿಯ 'ಸೆಕೆಂಡ್ ಥಾಟ್ಸ್' ತಂಡದಲ್ಲಿ ಹಾಡುತ್ತಿದ್ದರು. ಬಳಿಕ, ಮುಂದೆ ಖ್ಯಾತ ಧ್ವನಿಮುದ್ರಣ ನಿರ್ಮಾಪಕರಾದ ಕ್ರಿಸ್ ಥಾಮಸ್ ಅವರೊಡನೆ 'ಹ್ಯಾಟ್ ಅಂಡ್ ಟೈ' ಎಂಬ ಹೆಸರಿನಲ್ಲಿ ಕೆಲವು ಹಾಡುಗಳನ್ನು ಮುದ್ರಿಸಿದರು. ಸ್ಪಿರೊಪುಲೊಸ್ ಕೀಲಿಮಣೆ ವಾದಕರು. ಯುರೋಪಿನ ಶಾಸ್ತ್ರೀಯ ಸಂಗೀತದಲ್ಲೂ ಚಲನಚಿತ್ರ ಸಂಗೀತದಲ್ಲೂ ಆಸಕ್ತಿ ಉಳ್ಳವರು. ಇಬ್ಬರೂ ಭೇಟಿಯಾದದ್ದು ಲಂಡನ್ನಿನಲ್ಲಿ. ಇಬ್ಬರೂ ಸೇರಿ ಬರೆದ ಹಾಡುಗಳನ್ನು ಕೇಳಿದ ಐಲ್ಯಾಂಡ್ ರೆಕಾರ್ಡ್ಸ್ ಸಂಸ್ಥಾಪಕ ಕ್ರಿಸ್ ಬ್ಲ್ಯಾಕ್‌ವೆಲ್ ಅವರು ತಂಡದೊಡನೆ ಒಪ್ಪಂದ ಮಾಡಿಕೊಂಡರು.

ಐಲ್ಯಾಂಡ್ ಸಂಸ್ಥೆಯು 1959ರಲ್ಲಿ ಜಮೈಕಾದಲ್ಲಿ ಆರಂಭವಾಗಿ 1962ರಲ್ಲಿ ಬ್ರಿಟನ್ನಿಗೆ ನೆಲೆ ಬದಲಿಸಿತ್ತು. ಮೊದಮೊದಲು ಜಮೈಕಾದ ಸಂಗೀತವನ್ನೇ ಮುಖ್ಯವಾಗಿ ಪ್ರಕಟಿಸುತ್ತಿದ್ದ ಸಂಸ್ಥೆ 1967ರಲ್ಲಿ ರಾಕ್ ಸಂಗೀತದ ಕಡೆಗೆ ಹೊರಳಿತು. ಟ್ರಾಫಿಕ್, ಸ್ಪೂಕಿ ಟೂತ್ ಮೊದಲಾದ ತಂಡಗಳ ಜೊತೆಗೆ ನಿರ್ವಾಣವೂ ಆ ಹೊಸ ಪಟ್ಟಿಯ ಆರಂಭದ ಹೆಸರುಗಳಲ್ಲಿ ಒಂದಾಯಿತು.

ಸ್ಟುಡಿಯೊ ತಂಡದ ಸ್ವರೂಪ

ನಿರ್ವಾಣವು ಹೆಸರಿಗೆ ಐದಾರು ಜನರ ತಂಡವಾಗಿತ್ತು. ಗಿಟಾರ್ ವಾದಕ ರೇ ಸಿಂಗರ್, ಬಾಸ್ ಗಿಟಾರ್ ವಾದಕ ಬ್ರಯನ್ ಹೆಂಡರ್ಸನ್, ಫ್ರೆಂಚ್ ಹಾರ್ನ್ ಮತ್ತು ವಯೋಲಾ ನುಡಿಸುತ್ತಿದ್ದ ಮೈಕೆಲ್ ಕೋ, ಚೆಲ್ಲೊ ವಾದಕಿ ಸಿಲ್ವಿಯಾ ಶುಸ್ಟರ್ ಮೊದಲಾದವರ ಹೆಸರುಗಳು ಆರಂಭದ ದಿನಗಳಲ್ಲಿ ಸದಸ್ಯರ ಪಟ್ಟಿಯಲ್ಲಿದ್ದವು. ಆದರೆ ಹಾಡುಗಳ ರಚನೆ, ಸಂಯೋಜನೆ ಮತ್ತು ಗಾಯನದ ಹೊಣೆ ಇಬ್ಬರದೇ ಆಗಿತ್ತು. ಉಳಿದ ವಾದ್ಯಭಾಗಗಳನ್ನು ಸ್ಟುಡಿಯೊಗೆ ಬರುತ್ತಿದ್ದ ವೃತ್ತಿಪರ ವಾದಕರು ನುಡಿಸುತ್ತಿದ್ದರು. ಬೇರೆ ಬೇರೆ ಹಾಡುಗಳಿಗೆ ಬೇರೆ ಬೇರೆ ನಿರ್ಮಾಪಕರೂ ವಾದ್ಯಸಂಯೋಜಕರೂ ಕೆಲಸ ಮಾಡಿದ್ದಾರೆ.

ಈ ಪದ್ಧತಿಯಿಂದ ಎರಡು ಪರಿಣಾಮಗಳಾದವು. ಒಂದು, ನಾಲ್ಕು ಜನರ ರಾಕ್ ತಂಡವು ವೇದಿಕೆಯ ಮೇಲೆ ನುಡಿಸಲಾಗದ ಚೆಲ್ಲೊ, ಹಾರ್ನ್, ತಂತಿವಾದ್ಯಗಳ ಸಮೂಹ ಮತ್ತು ಮೇಳಗಾಯನದ ಸಂಗೀತವನ್ನು ಧ್ವನಿಮುದ್ರಿಸಲು ಸಾಧ್ಯವಾಯಿತು. ಪಾಪ್ ಹಾಡಿಗೆ ಹದಿನೇಳು-ಹದಿನೆಂಟನೆಯ ಶತಮಾನಗಳ ಯುರೋಪಿನ ವಾದ್ಯವೃಂದದ ಛಾಯೆ ನೀಡುವ ಈ ಬಗೆಯನ್ನು ವಿಮರ್ಶಕರು ಬರೋಕ್ ಪಾಪ್ ಎಂದು ವರ್ಗೀಕರಿಸುತ್ತಾರೆ. ಎರಡು, ಊರೂರು ಸುತ್ತಿ ಕಾರ್ಯಕ್ರಮ ನೀಡಿ ಕೇಳುಗರನ್ನು ಕೂಡಿಸಿಕೊಳ್ಳುವ ದಾರಿ ತಂಡಕ್ಕೆ ಬಹುಮಟ್ಟಿಗೆ ಮುಚ್ಚಿಹೋಯಿತು. ರೇಡಿಯೊದಲ್ಲಿ ಹಾಡು ಪ್ರಸಾರವಾಗದಿದ್ದರೆ ಆಲ್ಬಮ್ ಇದೆಯೆಂಬ ಸುದ್ದಿಯೂ ಜನರಿಗೆ ತಲುಪುತ್ತಿರಲಿಲ್ಲ. ತಂಡದ ತಟ್ಟೆಗಳು ವಿರಳವಾಗಲು ಇದು ಮೂಲ ಕಾರಣ.

ಆಲ್ಬಮ್‌ಗಳು

ದಿ ಸ್ಟೋರಿ ಆಫ್ ಸೈಮನ್ ಸೈಮೊಪಾತ್ (1967)

ಮೊದಲ ಏಕಗೀತೆ 'ಟೈನಿ ಗಾಡೆಸ್' 1967ರಲ್ಲಿ ಹೊರಬಂತು. ಅದೇ ವರ್ಷ 'ಪೆಂಟೆಕಾಸ್ಟ್ ಹೋಟೆಲ್' ಹಾಡೂ ಮೊದಲ ಆಲ್ಬಮ್ಮೂ ಪ್ರಕಟವಾದವು. ಬ್ಲ್ಯಾಕ್‌ವೆಲ್ ನಿರ್ಮಿಸಿದ ಈ ಆಲ್ಬಮ್‌ನಲ್ಲಿ ಹತ್ತು ಹಾಡುಗಳಿವೆ. ಒಟ್ಟು ಅವಧಿ ಅರ್ಧ ಗಂಟೆಗೂ ಕಡಿಮೆ. ಇದನ್ನು ವೈಜ್ಞಾನಿಕ ಕಲ್ಪನೆಯ ಪ್ಯಾಂಟೊಮೈಮ್ ಎಂದು ಹೊರಕವಚದಲ್ಲಿ ಕರೆಯಲಾಗಿದೆ. ಪ್ಯಾಂಟೊಮೈಮ್ ಎಂದರೆ ಬ್ರಿಟನ್ನಿನಲ್ಲಿ ಕ್ರಿಸ್‌ಮಸ್ ಕಾಲದಲ್ಲಿ ಮಕ್ಕಳಿಗಾಗಿ ಆಡುವ ಹಾಡು-ಹಾಸ್ಯಗಳ ನಾಟಕ.

ಕಥೆಯ ನಾಯಕ ಸೈಮನ್ ರೆಕ್ಕೆ ಬೇಕೆಂದು ಕನಸು ಕಾಣುವ ಹುಡುಗ. ಶಾಲೆಯಲ್ಲಿ ಅವನಿಗೆ ಗೆಳೆಯರಿಲ್ಲ. ಬೆಳೆದು ದೊಡ್ಡವನಾದ ಮೇಲೆ 1999ರಲ್ಲಿ ಕಚೇರಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ದುಡಿಯುತ್ತಾನೆ; ಮನಸ್ಸು ಕುಸಿಯುತ್ತದೆ. ಮಾನಸಿಕ ಚಿಕಿತ್ಸಾಲಯದಲ್ಲೂ ನೆರವು ದೊರೆಯದೆ ರಾಕೆಟ್ ಏರಿ ಹೊರಡುತ್ತಾನೆ. ಅಲ್ಲಿ ಅರ್ಧ ಕುದುರೆ, ಅರ್ಧ ಮನುಷ್ಯನಾದ ಸೆಂಟಾರ್ ಅವನ ಗೆಳೆಯನಾಗುತ್ತಾನೆ. ಪೆಂಟೆಕಾಸ್ಟ್ ಹೋಟೆಲ್‌ನಲ್ಲಿ ಕೆಲಸ ಮಾಡುವ ಮ್ಯಾಗ್ಡಲೀನಾ ಎಂಬ ಪುಟ್ಟ ದೇವತೆಯೊಡನೆ ಅವನ ಮದುವೆಯಾಗುತ್ತದೆ. ಪ್ರೆಟಿ ಥಿಂಗ್ಸ್ ತಂಡದ 'ಎಸ್. ಎಫ್. ಸಾರೋ' 1968ರ ಕೊನೆಯಲ್ಲೂ ದಿ ಹೂ ತಂಡದ 'ಟಾಮಿ' 1969ರಲ್ಲೂ ಬಂದವು. ಹೀಗಾಗಿ ಆಲ್ಬಮ್ಮಿನ ಉದ್ದಕ್ಕೂ ಒಂದೇ ಕಥೆ ಹೇಳುವ ಪಾಪ್ ಕೃತಿಗಳಲ್ಲಿ ಸೈಮನ್ ಸೈಮೊಪಾತ್ ಅತ್ಯಂತ ಮೊದಲಿನವುಗಳಲ್ಲೊಂದು ಎಂದು ಪರಿಗಣಿಸಲಾಗುತ್ತದೆ. ಲಂಡನ್ನಿನ ಸ್ಯಾವಿಲ್ ರಂಗಮಂದಿರದಲ್ಲಿ ಐಲ್ಯಾಂಡ್ ಸಂಸ್ಥೆಯ ಇತರ ಕಲಾವಿದರೊಡನೆ ನಡೆದ ಕಾರ್ಯಕ್ರಮದಲ್ಲಿ ತಂಡವು ಈ ಸಂಗೀತವನ್ನು ಪ್ರಸ್ತುತಪಡಿಸಿತು.

ಆಲ್ ಆಫ್ ಅಸ್ (1968)

ಎರಡನೆಯ ಆಲ್ಬಮ್ಮಿನ ಪೂರ್ಣ ಶೀರ್ಷಿಕೆ ಒಂದು ಇಡೀ ವಾಕ್ಯದಷ್ಟು ಉದ್ದವಾಗಿದ್ದು, ಅದರ ಕೊನೆಯ ಮೂರು ಪದಗಳಿಂದಲೇ ಅದು ಪ್ರಸಿದ್ಧವಾಗಿದೆ. ಹನ್ನೆರಡು ಹಾಡುಗಳ ಈ ಆಲ್ಬಮ್ಮಿನಲ್ಲಿ ಕಥಾಸೂತ್ರವಿಲ್ಲ. 'ರೇನ್‌ಬೋ ಚೇಸರ್' ಮತ್ತು ಅದುವರೆಗೆ ಏಕಗೀತೆಯಾಗಿ ಮಾತ್ರ ದೊರೆಯುತ್ತಿದ್ದ 'ಟೈನಿ ಗಾಡೆಸ್' ಎರಡೂ ಇದರಲ್ಲಿವೆ. ಶೀರ್ಷಿಕೆ ಗೀತೆಯನ್ನು 1968ರ 'ದಿ ಟಚಬಲ್ಸ್' ಚಲನಚಿತ್ರದಲ್ಲಿ ಬಳಸಲಾಯಿತು.

'ರೇನ್‌ಬೋ ಚೇಸರ್' ಹಾಡು ಫೇಸಿಂಗ್ ಎಂಬ ಧ್ವನಿತಂತ್ರಕ್ಕಾಗಿ ಹೆಸರಾಗಿದೆ. ಒಂದೇ ಧ್ವನಿಯ ಎರಡು ಟೇಪ್ ಪ್ರತಿಗಳನ್ನು ಏಕಕಾಲದಲ್ಲಿ ನುಡಿಸಿ, ಒಂದರ ವೇಗವನ್ನು ಕೊಂಚವೇ ಏರುಪೇರು ಮಾಡಿದಾಗ ಎರಡರ ನಡುವಿನ ಕ್ಷಣಾಂಶದ ಅಂತರ ಬದಲಾಗುತ್ತ ಹೋಗುತ್ತದೆ. ಆಗ ಕೆಲವು ಆವೃತ್ತಿಗಳು ಪರಸ್ಪರ ರದ್ದಾಗಿ, ಕೆಲವು ಬಲಗೊಂಡು, ಧ್ವನಿಯು ಅಲೆಯಂತೆ ಏರಿಳಿದು ಸುಯ್ಯೆಂದು ತಿರುಗುವಂತೆ ಕೇಳಿಸುತ್ತದೆ. ಸ್ಮಾಲ್ ಫೇಸಸ್ ತಂಡವು 1967ರಲ್ಲಿ ಈ ತಂತ್ರವನ್ನು ಹಾಡೊಂದರ ಕೆಲವು ಭಾಗಗಳಿಗೆ ಬಳಸಿತ್ತು. ಹಾಡಿನ ಉದ್ದಕ್ಕೂ ಅದನ್ನು ಬಳಸಿದ ಮೊದಲ ಪಾಪ್ ಧ್ವನಿಮುದ್ರಣಗಳಲ್ಲಿ 'ರೇನ್‌ಬೋ ಚೇಸರ್' ಒಂದು. ಫ್ರಾನ್ಸಿನ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ತಂಡವು ಈ ಹಾಡನ್ನು ಪ್ರಸ್ತುತಪಡಿಸುತ್ತಿದ್ದಾಗ ಚಿತ್ರಕಾರ ಸಾಲ್ವಡಾರ್ ಡಾಲಿ ಅವರ ಮೇಲೆ ಕಪ್ಪು ಬಣ್ಣ ಎರಚಿದ ಪ್ರಸಂಗವು ತಂಡದ ಕುರಿತ ಬರಹಗಳಲ್ಲಿ ಪದೇ ಪದೇ ಉಲ್ಲೇಖವಾಗುತ್ತದೆ.

ಡೆಡಿಕೇಟೆಡ್ ಟು ಮಾರ್ಕೋಸ್ 3 (1970)

'ಬ್ಲ್ಯಾಕ್ ಫ್ಲವರ್' ಎಂಬ ಹೆಸರಿನಲ್ಲಿ ಸಿದ್ಧವಾದ ಮೂರನೆಯ ಆಲ್ಬಮ್ಮನ್ನು ಐಲ್ಯಾಂಡ್ ಸಂಸ್ಥೆ ಪ್ರಕಟಿಸಲು ಒಪ್ಪಲಿಲ್ಲ. ಫ್ರಾನ್ಸಿನ ಸಂಯೋಜಕ ಫ್ರಾನ್ಸಿಸ್ ಲೇ ಅವರ ಚಲನಚಿತ್ರ ಸಂಗೀತಕ್ಕೆ ಇದನ್ನು ಬ್ಲ್ಯಾಕ್‌ವೆಲ್ ಹೋಲಿಸಿದರು ಎನ್ನಲಾಗಿದೆ. ಅಷ್ಟರಲ್ಲಿ ಐಲ್ಯಾಂಡ್ ಸಂಸ್ಥೆಯು ಗಡುಸಾದ ರಾಕ್ ಸಂಗೀತದ ನೆಲೆಯಾಗಿ ಬೆಳೆಯುತ್ತಿತ್ತು. ತಂತಿವಾದ್ಯಗಳ ಮೃದು ಸಂಗೀತಕ್ಕೆ ಅಲ್ಲಿ ಜಾಗ ಕಿರಿದಾಗಿತ್ತು. ಕೊನೆಗೆ ಈ ಧ್ವನಿಮುದ್ರಣವನ್ನು ಪೈ ಸಂಸ್ಥೆ 1970ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟಿಸಿತು. ಅಮೆರಿಕದಲ್ಲಿ ಮೆಟ್ರೋಮೀಡಿಯಾ ಸಂಸ್ಥೆಯ ಮೂಲಕ ಬಂತು. 'ಟು ಮಾರ್ಕೋಸ್ 3' ಎಂಬ ಹೆಸರಿನಿಂದಲೂ ಇದನ್ನು ಕರೆಯುತ್ತಾರೆ. ಶೀರ್ಷಿಕೆಯು ಸ್ಪಿರೊಪುಲೊಸ್ ಅವರ ಬಂಧುವೊಬ್ಬರನ್ನು ಕುರಿತದ್ದು ಎನ್ನಲಾಗಿದೆ. ಮುದ್ರಣವಾದದ್ದೂ ಮಾರಾಟವಾದದ್ದೂ ಅತ್ಯಲ್ಪ. ಇದಾದ ಮೇಲೆ ಇಬ್ಬರೂ ಸ್ನೇಹದಿಂದಲೇ ಬೇರೆಯಾದರು.

ಲೋಕಲ್ ಅನಸ್ಥೆಟಿಕ್ (1971)

ಹೆಸರನ್ನು ಉಳಿಸಿಕೊಂಡ ಕ್ಯಾಂಬೆಲ್-ಲಯನ್ಸ್ ಫಿಲಿಪ್ಸ್ ಸಂಸ್ಥೆಯ ಅಂಗವಾದ ವರ್ಟಿಗೊ ಲೇಬಲ್ಲಿಗೆ ನಿರ್ಮಾಪಕರಾಗಿಯೂ ದುಡಿಯುತ್ತಿದ್ದರು. ಕ್ಲಿಯರ್ ಬ್ಲೂ ಸ್ಕೈ ತಂಡದ ಮೊದಲ ಆಲ್ಬಮ್ಮಿನ ನಿರ್ಮಾಣ ಅವರದು. ಅದೇ ಲೇಬಲ್ಲಿಗಾಗಿ ಅವರು ರೂಪಿಸಿದ ನಿರ್ವಾಣದ ನಾಲ್ಕನೆಯ ಆಲ್ಬಮ್ ಹಿಂದಿನ ಮೂರಕ್ಕಿಂತ ತೀರ ಭಿನ್ನ. ಮೂರು ನಿಮಿಷದ ಹಾಡುಗಳ ಬದಲು ತಟ್ಟೆಯ ಒಂದು ಬದಿಯನ್ನೇ ಆವರಿಸುವ ದೀರ್ಘ ರಚನೆಗಳು ಇದರಲ್ಲಿವೆ. ಜೇಡ್ ವಾರಿಯರ್ ತಂಡದವರು ಇದರಲ್ಲಿ ನುಡಿಸಿದ್ದಾರೆ.

ಸಾಂಗ್ಸ್ ಆಫ್ ಲವ್ ಅಂಡ್ ಪ್ರೇಸ್ (1972)

ಫಿಲಿಪ್ಸ್ ಲೇಬಲ್ಲಿನಲ್ಲಿ ಪ್ರಕಟವಾದ ಐದನೆಯ ಆಲ್ಬಮ್ ಮತ್ತೆ ಚಿಕ್ಕ ಹಾಡುಗಳಿಗೆ ಮರಳಿತು. 'ರೇನ್‌ಬೋ ಚೇಸರ್' ಮತ್ತು 'ಪೆಂಟೆಕಾಸ್ಟ್ ಹೋಟೆಲ್' ಹಾಡುಗಳ ಹೊಸ ಧ್ವನಿಮುದ್ರಣಗಳು ಇದರಲ್ಲಿವೆ. ಹಾಡಿನ ಹೆಸರನ್ನಷ್ಟೇ ನೋಡಿ ಕೊಳ್ಳುವವರು ಇವು 1967-68ರ ಮೂಲ ಧ್ವನಿಮುದ್ರಣಗಳಲ್ಲ ಎಂಬುದನ್ನು ಗಮನಿಸಬೇಕಾಗುತ್ತದೆ.

ಹೆಸರಿನ ವ್ಯಾಜ್ಯ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1987ರಲ್ಲಿ ಆರಂಭವಾದ ಮತ್ತೊಂದು ನಿರ್ವಾಣ ತಂಡವು 1991ರ 'ನೆವರ್‌ಮೈಂಡ್' ಆಲ್ಬಮ್ಮಿನಿಂದ ಜಗತ್ತಿನಾದ್ಯಂತ ಪ್ರಸಿದ್ಧವಾಯಿತು. ಹೆಸರಿನ ಬಳಕೆಯನ್ನು ಪ್ರಶ್ನಿಸಿ ಬ್ರಿಟಿಷ್ ತಂಡದ ಇಬ್ಬರೂ 1992ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದರು. ವ್ಯಾಜ್ಯವು ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ಒಪ್ಪಂದದ ಷರತ್ತುಗಳನ್ನು ಬಹಿರಂಗಪಡಿಸಲಿಲ್ಲ. ಬಳಿಕ ಎರಡೂ ತಂಡಗಳು ಅದೇ ಹೆಸರನ್ನು ಬಳಸಿದವು. 1996ರಲ್ಲಿ ಬ್ರಿಟಿಷ್ ತಂಡವು ಹೊರತಂದ 'ಆರೆಂಜ್ ಅಂಡ್ ಬ್ಲೂ' ಆಲ್ಬಮ್ಮಿನಲ್ಲಿ ಅಮೆರಿಕದ ತಂಡದ 'ಲಿಥಿಯಮ್' ಹಾಡನ್ನು 1960ರ ದಶಕದ ಶೈಲಿಯಲ್ಲಿ ಹಾಡಲಾಗಿದೆ.

ಈ ಪ್ರಕರಣವು ತಂಡಕ್ಕೆ ಎರಡು ಬಗೆಯಲ್ಲಿ ಪರಿಣಾಮ ಬೀರಿತು. ಒಂದೆಡೆ, ಹೆಸರು ಹೇಳಿದೊಡನೆ ಕೇಳುಗರ ಮನಸ್ಸಿಗೆ ಬರುವುದು ಅಮೆರಿಕದ ತಂಡವಾದುದರಿಂದ ಮೊದಲಿನ ತಂಡವು ತನ್ನ ಹೆಸರಿನಲ್ಲೇ ಮರೆಯಾಯಿತು. ಅಂಗಡಿಗಳ ಹಾಗೂ ಅಂತರಜಾಲದ ಮಾರಾಟ ಪಟ್ಟಿಗಳಲ್ಲಿ ಎರಡೂ ತಂಡಗಳ ಧ್ವನಿಮುದ್ರಿಕೆಗಳು ಒಂದೇ ಶೀರ್ಷಿಕೆಯ ಅಡಿಯಲ್ಲಿ ಬೆರೆತುಹೋಗುವುದುಂಟು. ಇನ್ನೊಂದೆಡೆ, ಇದೇ ಹೆಸರಿನ ಹಳೆಯ ತಂಡ ಯಾವುದು ಎಂಬ ಕುತೂಹಲದಿಂದಲೇ ಹಲವರು ಈ ಆಲ್ಬಮ್‌ಗಳ ಬಳಿಗೆ ಬಂದರು.

ಸಂಗ್ರಹ

ವಿರಳತೆಯ ಕಾರಣಗಳು

ಹೆಚ್ಚು ಮಾರಾಟವಾಗದ ಎಲ್ಲ ಆಲ್ಬಮ್‌ಗಳಿಗೂ ಸಂಗ್ರಾಹಕರ ಬೇಡಿಕೆ ಇರುವುದಿಲ್ಲ. ನಿರ್ವಾಣದ ತಟ್ಟೆಗಳ ವಿಷಯದಲ್ಲಿ ಬೇರೆ ಬೇರೆ ಬಗೆಯ ಸಂಗ್ರಾಹಕರ ಆಸಕ್ತಿಗಳು ಒಂದೆಡೆ ಕೂಡುತ್ತವೆ. ಬ್ರಿಟಿಷ್ ಸೈಕೆಡೆಲಿಕ್ ಪಾಪ್ ಸಂಗೀತವನ್ನು ಹುಡುಕುವವರು ಮೊದಲ ಮೂರು ಆಲ್ಬಮ್‌ಗಳನ್ನು ಬಯಸುತ್ತಾರೆ. ತಂಡ ಯಾವುದೇ ಇರಲಿ, ಐಲ್ಯಾಂಡ್ ಸಂಸ್ಥೆಯ ಗುಲಾಬಿ ಲೇಬಲ್ಲಿನ ತಟ್ಟೆಗಳೆಲ್ಲವನ್ನೂ ಕ್ರಮಾಂಕದ ಪ್ರಕಾರ ಕೂಡಿಸುವವರು ಮೊದಲ ಎರಡನ್ನು ಹುಡುಕುತ್ತಾರೆ. ವರ್ಟಿಗೊ ಸುರುಳಿ ಲೇಬಲ್ಲಿನ ಸರಣಿಯನ್ನು ಪೂರ್ತಿ ಮಾಡಲು ಹೊರಟವರಿಗೆ 'ಲೋಕಲ್ ಅನಸ್ಥೆಟಿಕ್' ಬೇಕೇ ಬೇಕು. ಪ್ರತಿಗಳು ಕಡಿಮೆ, ಅರಸುವವರು ಹಲವು ಬಗೆಯವರು. ಬೆಲೆ ಏರಲು ಇದೇ ಕಾರಣ.

ಮೊದಲ ಮುದ್ರಣವನ್ನು ಗುರುತಿಸುವುದು

ಒಂದೇ ಆಲ್ಬಮ್ಮಿನ ಬೇರೆ ಬೇರೆ ಮುದ್ರಣಗಳನ್ನು ಪ್ರತ್ಯೇಕಿಸಲು ಸಂಗ್ರಾಹಕರು ಮುಖ್ಯವಾಗಿ ಲೇಬಲ್ಲಿನ ವಿನ್ಯಾಸ, ಕ್ರಮಾಂಕ, ಹೊರಕವಚ ಮತ್ತು ತಟ್ಟೆಯ ಮೇಲಿನ ಕೆತ್ತನೆಗಳನ್ನು ಪರಿಶೀಲಿಸುತ್ತಾರೆ.

ಐಲ್ಯಾಂಡ್ ಸಂಸ್ಥೆಯ ಲಾಂಗ್ ಪ್ಲೇ ತಟ್ಟೆಗಳಲ್ಲಿ 1967ರಿಂದ ಗುಲಾಬಿ ಬಣ್ಣದ ಲೇಬಲ್ ಬಳಕೆಗೆ ಬಂತು. ಅದರ ಮೊದಲ ವಿನ್ಯಾಸದಲ್ಲಿ ಕಣ್ಣಿನಂತೆ ಕಾಣುವ ಕಿತ್ತಳೆ-ಕಪ್ಪು ಬಣ್ಣದ ವೃತ್ತಾಕಾರದ ಚಿಹ್ನೆ ಇತ್ತು. ಅನಂತರ ಸಂಸ್ಥೆಯ ಹೆಸರಿನ ಮೊದಲ ಅಕ್ಷರವನ್ನು ದೊಡ್ಡದಾಗಿ ತೋರಿಸುವ ವಿನ್ಯಾಸಗಳು ಬಂದವು. 1970ರ ಸುಮಾರಿಗೆ ಗುಲಾಬಿ ಅಂಚಿನ ನಡುವೆ ತಾಳೆಮರದ ಚಿತ್ರವಿರುವ ಲೇಬಲ್ ಬಳಕೆಗೆ ಬಂತು. ಸೈಮನ್ ಸೈಮೊಪಾತ್ ಆಲ್ಬಮ್ಮಿನ 1967ರ ಪ್ರತಿಯಲ್ಲಿ ಇರಬೇಕಾದದ್ದು ಮೊದಲ ವಿನ್ಯಾಸದ ಲೇಬಲ್. ಅದರ ಸ್ಟೀರಿಯೊ ಕ್ರಮಾಂಕ ಐಎಲ್‌ಪಿಎಸ್ 9059; 'ಆಲ್ ಆಫ್ ಅಸ್' ಆಲ್ಬಮ್ಮಿನದು ಐಎಲ್‌ಪಿಎಸ್ 9087.

ವರ್ಟಿಗೊ ಲೇಬಲ್ಲಿನ ಗುರುತು ಕಪ್ಪು-ಬಿಳುಪಿನ ಸುರುಳಿ. ತಟ್ಟೆ ತಿರುಗುವಾಗ ಈ ಸುರುಳಿ ನೋಡುಗನನ್ನು ಒಳಕ್ಕೆ ಸೆಳೆಯುವಂತೆ ಭ್ರಮೆ ಹುಟ್ಟಿಸುತ್ತದೆ. ವರ್ಟಿಗೊ ಎಂದರೆ ತಲೆ ಸುತ್ತುವಿಕೆ ಎಂದೇ ಅರ್ಥ. ಒಂದು ಬದಿಯ ಲೇಬಲ್ ಪೂರ್ತಿ ಸುರುಳಿಯೇ ಆಗಿದ್ದು, ಹಾಡುಗಳ ವಿವರವನ್ನು ಇನ್ನೊಂದು ಬದಿಯಲ್ಲಿ ಮುದ್ರಿಸಲಾಗುತ್ತಿತ್ತು. ತಟ್ಟೆಯನ್ನು ಇಡುವ ಒಳಕವಚದ ಮೇಲೂ ಇದೇ ಸುರುಳಿ ಇರುತ್ತಿತ್ತು. 1973ರಲ್ಲಿ ಈ ವಿನ್ಯಾಸವನ್ನು ಕೈಬಿಟ್ಟು ರೋಜರ್ ಡೀನ್ ಚಿತ್ರಿಸಿದ ಆಕಾಶನೌಕೆಯ ಲೇಬಲ್ಲನ್ನು ತರಲಾಯಿತು. ಆದ್ದರಿಂದ 1971ರ 'ಲೋಕಲ್ ಅನಸ್ಥೆಟಿಕ್' ಮೂಲಪ್ರತಿಯಲ್ಲಿ ಸುರುಳಿ ಲೇಬಲ್ ಇರಬೇಕು. ಅದರ ಕ್ರಮಾಂಕ 6360 031. ಒಳಕವಚ ಕಳೆದುಹೋದ ಪ್ರತಿಗೆ ಬೆಲೆ ಕಡಿಮೆ.

ತಟ್ಟೆಯಲ್ಲಿ ಧ್ವನಿಯ ಗೀರುಗಳು ಮುಗಿದು ಲೇಬಲ್ ಆರಂಭವಾಗುವ ಮೊದಲು ಒಂದು ನುಣುಪಾದ ಪಟ್ಟಿ ಇರುತ್ತದೆ. ಮುದ್ರಣಕ್ಕೆ ಬಳಸಿದ ಅಚ್ಚಿನ ಗುರುತುಸಂಖ್ಯೆಯನ್ನು ಅಲ್ಲಿ ಕೆತ್ತಿರುತ್ತಾರೆ. ಇದನ್ನು ಮೇಟ್ರಿಕ್ಸ್ ಸಂಖ್ಯೆ ಎನ್ನುತ್ತಾರೆ. ಹೊರಕವಚವನ್ನೂ ಲೇಬಲ್ಲನ್ನೂ ಅನುಕರಿಸುವುದು ಸುಲಭ. ಆದರೆ ಮೂಲ ಅಚ್ಚಿನ ಕೆತ್ತನೆಯನ್ನು ಹಾಗೆಯೇ ಪುನರಾವರ್ತಿಸುವುದು ಕಷ್ಟ. ಆದ್ದರಿಂದ ದುಬಾರಿ ಪ್ರತಿಯನ್ನು ಕೊಳ್ಳುವ ಮುನ್ನ ಈ ಭಾಗದ ಛಾಯಾಚಿತ್ರವನ್ನು ಕೇಳಿ ಪಡೆಯುವುದು ಅನುಭವಿಗಳ ರೂಢಿ.

ಮೊನೊ ಮತ್ತು ಸ್ಟೀರಿಯೊ

1967ರಲ್ಲಿ ಬ್ರಿಟನ್ನಿನ ಬಹುಪಾಲು ಮನೆಗಳಲ್ಲಿ ಇದ್ದದ್ದು ಒಂದೇ ಧ್ವನಿವರ್ಧಕದ ಮೊನೊ ಯಂತ್ರಗಳು. ಹೀಗಾಗಿ ಸೈಮನ್ ಸೈಮೊಪಾತ್ ಆಲ್ಬಮ್ಮನ್ನು ಮೊನೊ ಮತ್ತು ಸ್ಟೀರಿಯೊ ಎಂಬ ಎರಡು ರೂಪಗಳಲ್ಲೂ ಪ್ರಕಟಿಸಲಾಯಿತು. ಮೊನೊ ಪ್ರತಿಯ ಕ್ರಮಾಂಕ ಐಎಲ್‌ಪಿ 959. ಆ ಕಾಲದ ಆಲ್ಬಮ್‌ಗಳಲ್ಲಿ ಮೊನೊ ಮತ್ತು ಸ್ಟೀರಿಯೊ ಮಿಶ್ರಣಗಳನ್ನು ಪ್ರತ್ಯೇಕವಾಗಿ ಸಿದ್ಧಪಡಿಸುವುದು ರೂಢಿಯಲ್ಲಿತ್ತು. ಅದರಿಂದ ವಾದ್ಯಗಳ ಪ್ರಮಾಣ, ಕೆಲವೊಮ್ಮೆ ಹಾಡಿನ ಉದ್ದವೂ ಎರಡರಲ್ಲಿ ಬೇರೆಯಾಗಿರುತ್ತಿತ್ತು. 1960ರ ದಶಕದ ಕೊನೆಗೆ ಬ್ರಿಟನ್ನಿನಲ್ಲಿ ಮೊನೊ ಲಾಂಗ್ ಪ್ಲೇ ತಟ್ಟೆಗಳ ಪ್ರಕಟಣೆ ಬಹುಮಟ್ಟಿಗೆ ನಿಂತುಹೋಯಿತು. ಎರಡೂ ರೂಪಗಳನ್ನು ಇಟ್ಟುಕೊಳ್ಳಬಯಸುವ ಸಂಗ್ರಾಹಕರು ಇರುವುದರಿಂದ ಎರಡಕ್ಕೂ ಪ್ರತ್ಯೇಕ ಬೇಡಿಕೆ ಇದೆ.

ಏಕಗೀತೆಯ ತಟ್ಟೆಗಳು

ಏಳು ಅಂಗುಲದ ಏಕಗೀತೆಯ ತಟ್ಟೆಗಳನ್ನು ಕೂಡಿಸುವುದಕ್ಕೆ ಪ್ರತ್ಯೇಕ ಕಾರಣವಿದೆ. ಅವುಗಳ ಹಿಂಬದಿಯ ಕೆಲವು ಹಾಡುಗಳು ಆ ಕಾಲದ ಯಾವ ಆಲ್ಬಮ್ಮಿನಲ್ಲೂ ಸೇರಲಿಲ್ಲ. 'ಟೈನಿ ಗಾಡೆಸ್' ತಟ್ಟೆಯ ಹಿಂಬದಿಯ 'ಐ ಬಿಲೀವ್ ಇನ್ ಮ್ಯಾಜಿಕ್', 'ಪೆಂಟೆಕಾಸ್ಟ್ ಹೋಟೆಲ್' ತಟ್ಟೆಯ 'ಫೀಲಿನ್ ಶ್ಯಾಟರ್ಡ್', 'ರೇನ್‌ಬೋ ಚೇಸರ್' ತಟ್ಟೆಯ 'ಫ್ಲ್ಯಾಶ್‌ಬಲ್ಬ್' ಮತ್ತು 'ವಿಂಗ್ಸ್ ಆಫ್ ಲವ್' ತಟ್ಟೆಯ 'ರೆಕ್ವಿಯಮ್ ಟು ಜಾನ್ ಕೋಲ್ಟ್ರೇನ್' ಇಂಥವು. ಮರುಮುದ್ರಣಗಳು ಬರುವವರೆಗೆ ಇವುಗಳನ್ನು ಕೇಳಲು ಮೂಲ ತಟ್ಟೆಯೇ ಬೇಕಾಗಿತ್ತು. 'ರೇನ್‌ಬೋ ಚೇಸರ್' ಪಟ್ಟಿಯನ್ನು ಪ್ರವೇಶಿಸಿದ ಕಾರಣ ಅದರ ಬ್ರಿಟಿಷ್ ತಟ್ಟೆ ಉಳಿದವುಗಳಿಗಿಂತ ಸುಲಭವಾಗಿ ದೊರೆಯುತ್ತದೆ.

ಇತರರು ಹಾಡಿದ ಆವೃತ್ತಿಗಳನ್ನೂ ಕೆಲವರು ಸಂಗ್ರಹಕ್ಕೆ ಸೇರಿಸುತ್ತಾರೆ. ಫ್ರಾನ್ಸಿನ ಗಾಯಕಿ ಫ್ರಾನ್ಸ್ವಾಸ್ ಆರ್ಡಿ 'ಟೈನಿ ಗಾಡೆಸ್' ಹಾಡನ್ನು ಧ್ವನಿಮುದ್ರಿಸಿದ್ದಾರೆ. ಅಲನ್ ಬೌನ್ ತಂಡವು 'ವಿ ಕ್ಯಾನ್ ಹೆಲ್ಪ್ ಯು' ಹಾಡನ್ನು ಏಕಗೀತೆಯಾಗಿ ಹೊರತಂದಿತು.

ಸ್ಥಿತಿಯ ಶ್ರೇಣೀಕರಣ

ಹಳೆಯ ತಟ್ಟೆಯ ಬೆಲೆ ಅದರ ಸ್ಥಿತಿಯನ್ನು ಬಹುವಾಗಿ ಅವಲಂಬಿಸಿದೆ. ಬ್ರಿಟನ್ನಿನಲ್ಲಿ 'ರೆಕಾರ್ಡ್ ಕಲೆಕ್ಟರ್' ಪತ್ರಿಕೆಯ ಶ್ರೇಣಿಯೂ ಅಮೆರಿಕದಲ್ಲಿ 'ಗೋಲ್ಡ್‌ಮೈನ್' ಪತ್ರಿಕೆಯ ಶ್ರೇಣಿಯೂ ರೂಢಿಯಲ್ಲಿವೆ. ಎರಡರಲ್ಲೂ ಅತ್ಯುನ್ನತ ದರ್ಜೆ ಮಿಂಟ್, ಅಂದರೆ ಹೊಚ್ಚಹೊಸದಂತಿರುವುದು. ಆದರೆ ಬ್ರಿಟಿಷ್ ಕ್ರಮದಲ್ಲಿ ಅದರ ಕೆಳಗೆ ಎಕ್ಸಲೆಂಟ್, ಅಮೆರಿಕನ್ ಕ್ರಮದಲ್ಲಿ ನಿಯರ್ ಮಿಂಟ್ ಬರುತ್ತದೆ. ಇದನ್ನರಿಯದೆ ಒಂದು ದೇಶದ ಮಾರಾಟಗಾರನ ದರ್ಜೆಯನ್ನು ಇನ್ನೊಂದು ದೇಶದ ಕ್ರಮದಲ್ಲಿ ಓದಿಕೊಂಡರೆ ನಿರಾಸೆ ಉಂಟಾಗಬಹುದು. ತಟ್ಟೆ ಮತ್ತು ಹೊರಕವಚಗಳಿಗೆ ಬೇರೆ ಬೇರೆ ದರ್ಜೆ ನೀಡುವುದು ವಾಡಿಕೆ.

ನಿರ್ವಾಣದ ಸಂಗೀತದಲ್ಲಿ ಚೆಲ್ಲೊ ಮತ್ತು ಮೃದುಧ್ವನಿಯ ಗಾಯನದ ಭಾಗಗಳು ಹೆಚ್ಚು. ಅಬ್ಬರದ ರಾಕ್ ಸಂಗೀತದಲ್ಲಿ ಮುಚ್ಚಿಹೋಗುವ ಸಣ್ಣ ಗೀಚು ಅಥವಾ ಸವೆದ ಗೀರಿನ ಕರಕರ ಸದ್ದು ಇಂಥ ಕಡೆಗಳಲ್ಲಿ ಎದ್ದು ಕೇಳಿಸುತ್ತದೆ. ಆದ್ದರಿಂದ ಕಣ್ಣಿಗೆ ಚೆನ್ನಾಗಿ ಕಾಣುವ ಪ್ರತಿಯನ್ನೂ ನುಡಿಸಿ ಕೇಳಿದ ಮೇಲೆಯೇ ದರ್ಜೆ ನಿರ್ಧರಿಸುವುದು ಸೂಕ್ತ.

ನಕಲುಗಳು ಮತ್ತು ಅನಧಿಕೃತ ಮುದ್ರಣಗಳು

ಬೆಲೆ ಏರಿದ ಹಳೆಯ ಆಲ್ಬಮ್‌ಗಳಿಗೆ ಅನಧಿಕೃತ ಮುದ್ರಣಗಳು ಹುಟ್ಟಿಕೊಳ್ಳುವುದು ಸಾಮಾನ್ಯ. ವರ್ಟಿಗೊ ಸುರುಳಿ ಲೇಬಲ್ಲಿನ ತಟ್ಟೆಗಳೂ ಇದಕ್ಕೆ ಹೊರತಲ್ಲ. ಮಸುಕಾದ ಹೊರಕವಚದ ಚಿತ್ರ, ಆ ಕಾಲಕ್ಕೆ ಹೊಂದದ ಕಾಗದ, ಮೇಟ್ರಿಕ್ಸ್ ಸಂಖ್ಯೆಯ ವ್ಯತ್ಯಾಸ ಇವು ಸಂದೇಹಕ್ಕೆ ಎಡೆಮಾಡುವ ಲಕ್ಷಣಗಳು. ಇಂಥ ಪ್ರತಿಗಳ ಮಾರಾಟದಿಂದ ಸಂಗೀತಗಾರರಿಗೆ ಯಾವ ಸಂಭಾವನೆಯೂ ಸಲ್ಲುವುದಿಲ್ಲ. ಬಳಸಿದ ಮೂಲ ತಟ್ಟೆಗಳ ಮಾರಾಟದಿಂದಲೂ ಅವರಿಗೆ ನೇರವಾಗಿ ಏನೂ ದೊರೆಯುವುದಿಲ್ಲ. ಅಧಿಕೃತ ಮರುಮುದ್ರಣಗಳ ಮಾರಾಟದಿಂದಾದರೆ ರಚನಕಾರರಿಗೆ ಗೌರವಧನ ತಲುಪುತ್ತದೆ.

ಮರುಮುದ್ರಣಗಳು

1987ರಲ್ಲಿ ಬ್ಯಾಮ್-ಕರುಸೊ ಸಂಸ್ಥೆಯು 'ಬ್ಲ್ಯಾಕ್ ಫ್ಲವರ್' ಎಂಬ ಸಂಕಲನವನ್ನು ಹೊರತಂದಿತು. ಐಲ್ಯಾಂಡ್ ಸಂಸ್ಥೆ ತಿರಸ್ಕರಿಸಿದ ಆಲ್ಬಮ್ಮಿನ ಹೆಸರು ಹೀಗೆ ಮತ್ತೆ ಬಳಕೆಗೆ ಬಂದರೂ ಇದು ಬೇರೆಯದೇ ಆದ ಸಂಕಲನ. ಪಟ್ಟಿಗಳಲ್ಲಿ ಇವೆರಡನ್ನು ಒಂದೆಂದು ತಿಳಿಯಬಾರದು. 1990ರ ದಶಕದಲ್ಲಿ ಅಪ್ರಕಟಿತ ಹಾಡುಗಳು ಮತ್ತು ಕರಡು ಧ್ವನಿಮುದ್ರಣಗಳ 'ಸೀಕ್ರೆಟ್ ಥಿಯೇಟರ್' ಬಂತು. 1999ರಲ್ಲಿ ಮೂರು ಸಿ.ಡಿ.ಗಳ 'ಕೆಮಿಸ್ಟ್ರಿ' ಸಂಪುಟ ಹೊರಬಂತು. 2003ರಲ್ಲಿ ಯೂನಿವರ್ಸಲ್ ಸಂಸ್ಥೆಯು ಮೊದಲ ಮೂರು ಆಲ್ಬಮ್‌ಗಳನ್ನು ಹೆಚ್ಚುವರಿ ಹಾಡುಗಳೊಡನೆ ಸಿ.ಡಿ. ರೂಪದಲ್ಲಿ ಪ್ರಕಟಿಸಿತು.

2018ರಲ್ಲಿ 'ರೇನ್‌ಬೋ ಚೇಸರ್: ದಿ 60ಸ್ ರೆಕಾರ್ಡಿಂಗ್ಸ್' ಎಂಬ ಎರಡು ಸಿ.ಡಿ.ಗಳ ಸಂಪುಟದಲ್ಲಿ ಐಲ್ಯಾಂಡ್ ಅವಧಿಯ ಆಲ್ಬಮ್‌ಗಳ ಜೊತೆಗೆ ಅದುವರೆಗೆ ಅಪ್ರಕಟಿತವಾಗಿದ್ದ ಹಲವು ಧ್ವನಿಮುದ್ರಣಗಳೂ ಬೆಳಕಿಗೆ ಬಂದವು. 2021ರಲ್ಲಿ ಮ್ಯಾಡ್‌ಫಿಶ್ ಸಂಸ್ಥೆಯ 'ಸಾಂಗ್‌ಲೈಫ್' ಪೆಟ್ಟಿಗೆಯು 1967ರಿಂದ 1972ರ ವರೆಗಿನ ಆಲ್ಬಮ್‌ಗಳನ್ನು ವಿನೈಲ್ ತಟ್ಟೆಗಳಾಗಿ ಒಟ್ಟುಗೂಡಿಸಿತು. ಮೂರು ಪ್ರಕಾಶನ ಸಂಸ್ಥೆಗಳಲ್ಲಿ ಹಾಗೂ ನಾಲ್ಕು ಲೇಬಲ್‌ಗಳಲ್ಲಿ ಹಂಚಿಹೋಗಿದ್ದ ಕೃತಿಗಳು ಇದರಿಂದ ಒಂದೆಡೆ ದೊರೆಯುವಂತಾದವು. ಕ್ಯಾಂಬೆಲ್-ಲಯನ್ಸ್ ಬರೆದ 'ಸೈಕೆಡೆಲಿಕ್ ಡೇಸ್' ಎಂಬ ನೆನಪುಗಳ ಪುಸ್ತಕವೂ ಪ್ರಕಟವಾಗಿದೆ.

ಮರುಮುದ್ರಣಗಳು ಬಂದ ಬಳಿಕ ಹಾಡುಗಳನ್ನು ಕೇಳುವ ಉದ್ದೇಶಕ್ಕೆ ಮೂಲ ತಟ್ಟೆ ಅನಿವಾರ್ಯವಲ್ಲ. ಆದರೂ ಮೂಲಪ್ರತಿಗಳ ಬೇಡಿಕೆ ಉಳಿದಿದೆ. 1967ರ ಮಿಶ್ರಣ, ಅಂದಿನ ಮುದ್ರಣದ ಹೊರಕವಚ ಮತ್ತು ಲೇಬಲ್ ಇವೆಲ್ಲ ಸೇರಿ ಆ ಕಾಲದ ಧ್ವನಿಮುದ್ರಣ ಉದ್ಯಮದ ಸಾಕ್ಷ್ಯಗಳಾಗಿವೆ ಎಂಬುದು ಸಂಗ್ರಾಹಕರ ನಿಲುವು. ಅಪ್ರಕಟಿತ ಧ್ವನಿಮುದ್ರಣಗಳನ್ನು ಹುಡುಕಿ ಹೊರತರುವಷ್ಟು ಆಸಕ್ತಿ ಪ್ರಕಾಶಕರಲ್ಲಿ ಮೂಡಿದ್ದರಲ್ಲೂ, ಹಳೆಯ ತಟ್ಟೆಗಳನ್ನು ಕಾಪಾಡಿಕೊಂಡು ಬಂದ ಈ ಸಣ್ಣ ಕೇಳುಗವರ್ಗದ ಪಾಲಿದೆ.

ಆಲ್ಬಮ್‌ಗಳ ಪಟ್ಟಿ

1967 – ದಿ ಸ್ಟೋರಿ ಆಫ್ ಸೈಮನ್ ಸೈಮೊಪಾತ್ (ಐಲ್ಯಾಂಡ್)
1968 – ಆಲ್ ಆಫ್ ಅಸ್ (ಐಲ್ಯಾಂಡ್)
1970 – ಡೆಡಿಕೇಟೆಡ್ ಟು ಮಾರ್ಕೋಸ್ 3 (ಪೈ)
1971 – ಲೋಕಲ್ ಅನಸ್ಥೆಟಿಕ್ (ವರ್ಟಿಗೊ)
1972 – ಸಾಂಗ್ಸ್ ಆಫ್ ಲವ್ ಅಂಡ್ ಪ್ರೇಸ್ (ಫಿಲಿಪ್ಸ್)
1996 – ಆರೆಂಜ್ ಅಂಡ್ ಬ್ಲೂ